ಇಂದಿನ ಧಮ್ಮ ಚಿಂತನೆ: ಹೆಬ್ಬೆರಳಿಗೂ ಶೀಲ ಬೇಕು

 

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಧಮ್ಮ ಬಂಧುಗಳೇ, ಉಪಾಸಕ ಉಪಾಸಿಕೆಯರೇ,

ಇವತ್ತಿನ ಚಿಂತನೆಯನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ತಪ್ಪು ನನ್ನದೇ.

ಜಯಂತಿಗೆ ಹತ್ತು ದಿನ ಇರುವಾಗ ನನ್ನ ಫೋನಿಗೆ ಒಂದು ಸಂದೇಶ ಬಂತು. ನೀಲಿ ಬಣ್ಣದ ಮೇಲೆ ಬಾಬಾಸಾಹೇಬರ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ, ಏಪ್ರಿಲ್ 14ನ್ನು ವಿಶ್ವಸಂಸ್ಥೆ ‘ವಿಶ್ವ ಜ್ಞಾನ ದಿನ’ ಎಂದು ಘೋಷಿಸಿದೆ, ಹೆಮ್ಮೆ ಇದ್ದರೆ ಎಲ್ಲರಿಗೂ ಕಳಿಸಿ ಅಂತ ಇತ್ತು. ಹೆಮ್ಮೆ ಇತ್ತು, ಕಳಿಸಿದೆ. ಸಂದೇಶದ ಮೇಲೆ ಎರಡು ಬಾಣದ ಗುರುತಿತ್ತು, ಅಂದರೆ ಅದು ಆಗಲೇ ಬಹಳ ಕೈ ದಾಟಿ ಬಂದಿತ್ತು. ಹಾಗಾಗಿ ಒಂದೇ ಸಲಕ್ಕೆ ಎಲ್ಲ ಗುಂಪಿಗೂ ಹೋಗಲಿಲ್ಲ. ನಾನು ಬಿಡಲಿಲ್ಲ. ಒಂದೊಂದಾಗಿ ಹನ್ನೊಂದು ಗುಂಪಿಗೆ ಹಾಕಿದೆ. ಏನೋ ಪುಣ್ಯದ ಕೆಲಸ ಮಾಡಿದ ಹಾಗೆ ಅನಿಸಿತು.

ನನ್ನ ತಮ್ಮನ ಮಗಳು ಪಿಯುಸಿ ಓದುತ್ತಾಳೆ. ಆ ಸಂದೇಶ ಅವಳಿಗೂ ಹೋಗಿತ್ತು. ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಬಾಬಾಸಾಹೇಬರ ಬಗ್ಗೆ ಮಾತಾಡಿದಳು. 1923ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಿಂದ ಡಿ.ಎಸ್ಸಿ., 1927ರಲ್ಲಿ ಕೊಲಂಬಿಯಾದಿಂದ ಪಿಎಚ್.ಡಿ., ಅದೇ ವರ್ಷ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯ ನೀರು, 1947ರ ಆಗಸ್ಟ್ 29ರಂದು ಸಂವಿಧಾನ ಕರಡು ಸಮಿತಿ. ಎಲ್ಲ ಸರಿಯಾಗಿ ಹೇಳಿದಳು. ಕೊನೆಗೆ, ಇಂಥವರ ಜನ್ಮದಿನವನ್ನು ವಿಶ್ವಸಂಸ್ಥೆಯೇ ವಿಶ್ವ ಜ್ಞಾನ ದಿನವೆಂದು ಘೋಷಿಸಿದೆ ಅಂದಳು. ತೀರ್ಪುಗಾರರೊಬ್ಬರು, “ಎಲ್ಲಿ ಘೋಷಿಸಿದೆ? ತೋರಿಸಮ್ಮ” ಅಂದರು. ಅವಳ ಹತ್ತಿರ ತೋರಿಸುವುದಕ್ಕೆ ಇದ್ದದ್ದು ನಾನು ಕಳಿಸಿದ ಚಿತ್ರ ಮಾತ್ರ. ಹಿಂದಿನ ಬೆಂಚಿನಿಂದ ಯಾರೋ, “ಇವರದ್ದೆಲ್ಲ ಇಷ್ಟೇ ಬುಡು, ಎಲ್ಲಾ ವಾಟ್ಸಾಪು” ಅಂದರಂತೆ. ನಗು ಎದ್ದಿತಂತೆ.

ಸಂಜೆ ಮನೆಗೆ ಬಂದಳು. ಅಳಲಿಲ್ಲ. ವಿಶ್ವಸಂಸ್ಥೆಯ ಜಾಲತಾಣದಲ್ಲಿ ಅಂತರರಾಷ್ಟ್ರೀಯ ದಿನಗಳ ಪಟ್ಟಿ ಇದೆ. ಅದನ್ನು ತೆಗೆದು ನನ್ನ ಮುಂದೆ ಹಿಡಿದಳು. ಇಬ್ಬರೂ ಕೂತು ಏಪ್ರಿಲ್ ತಿಂಗಳನ್ನು ಎರಡು ಸಲ ನೋಡಿದೆವು. ಅಂಥ ದಿನ ಅಲ್ಲಿ ಇಲ್ಲ. 2016ರಲ್ಲಿ, ಬಾಬಾಸಾಹೇಬರ 125ನೇ ಜಯಂತಿಯನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಆಚರಿಸಿದ್ದು ನಿಜ. ಅದೇ ದೊಡ್ಡ ಸಂಗತಿ. ಏಪ್ರಿಲ್ 14ನ್ನು ನಾವು ಜ್ಞಾನದ ದಿನವೆಂದು ಆಚರಿಸುವುದರಲ್ಲೂ ತಪ್ಪಿಲ್ಲ. ಆದರೆ ಆಚರಿಸಿದ್ದು ಬೇರೆ, ಘೋಷಿಸಿದ್ದು ಬೇರೆ.

ಆಗ ಅವಳು ಕೇಳಿದ ಮಾತು ಇವತ್ತಿಗೂ ನನ್ನ ಎದೆಯಲ್ಲಿದೆ: “ದೊಡ್ಡಪ್ಪ, ಬಾಬಾಸಾಹೇಬರು ಮಾಡಿರೋ ನಿಜವೇ ನಮಗೆ ಸಾಲದಾ?”

*ಅಂತೆ ಕಂತೆ*

ಮಾರನೇ ದಿನ ಈ ಸಂದೇಶ ಎಲ್ಲಿಂದ ಬಂತು ಅಂತ ಹುಡುಕಿದೆ. ನನಗೆ ಕಳಿಸಿದ್ದು ಪಿರಿಯಾಪಟ್ಟಣದ ಗೆಳೆಯ. ಅವರಿಗೆ ಕೆ.ಆರ್. ನಗರದ ಬೀಗರು. ಅವರಿಗೆ ಕೋಟೆ ಕಡೆಯ ಒಬ್ಬ ಮೇಷ್ಟ್ರು. ಮೇಷ್ಟ್ರನ್ನು ಕೇಳಿದರೆ, “ಯಾವುದೋ ಗುಂಪಲ್ಲಿ ಬಂದಿತ್ತು ಕಣಪ್ಪ, ಒಳ್ಳೇದಲ್ವಾ ಅಂತ ಹಾಕ್ದೆ” ಅಂದರು. ನಾಲ್ಕು ತಾಲ್ಲೂಕು ಸುತ್ತಿದ ಮಾತು. ಕಂಡವರು ಒಬ್ಬರೂ ಇಲ್ಲ.

ಬಂಧುಗಳೇ, ಕೇಸಪುತ್ತ ಎಂಬ ಊರಿನ ಕಾಲಾಮರು ಭಗವಾನ್ ಬುದ್ಧರ ಹತ್ತಿರ ಇದೇ ಕಷ್ಟ ಹೇಳಿಕೊಂಡರು. ಊರಿಗೆ ಬರುವ ಒಬ್ಬೊಬ್ಬ ಗುರುವೂ ತನ್ನ ಮಾತೇ ಸತ್ಯ ಅನ್ನುತ್ತಾನೆ, ಬೇರೆಯವರದನ್ನು ಹಳಿಯುತ್ತಾನೆ, ಯಾರನ್ನು ನಂಬುವುದು? ಬುದ್ಧರು ಹತ್ತು ಕಾರಣಗಳನ್ನು ಎಣಿಸಿ, ಬರೀ ಇವುಗಳಿಂದಲೇ ನಂಬಬೇಡಿ ಎಂದರು. ಅದರಲ್ಲಿ ಒಂದರ ಹೆಸರು ಪಾಲಿಯಲ್ಲಿ ‘ಇತಿಕಿರಾ’. ನಮ್ಮ ಕನ್ನಡದಲ್ಲಿ ಅದಕ್ಕೆ ಸರಿಯಾದ ಒಂದೇ ಪದ ‘ಅಂತೆ’. ಹಾಗಂತೆ, ಹೀಗಂತೆ. ಹತ್ತನೆಯದು ಇನ್ನೂ ಕಠಿಣ: ‘ಸಮಣೋ ನೋ ಗರು’. ಹೇಳಿದವರು ನಮ್ಮ ಗುರುಗಳು, ನಮ್ಮವರು ಎಂಬ ಕಾರಣಕ್ಕೂ ನಂಬಬೇಡಿ. ಬೇರೆಯವರ ಸುಳ್ಳನ್ನು ಹಿಡಿಯುವುದರಲ್ಲಿ ನಾವು ಬಹಳ ಜಾಣರು. ಈ ಹತ್ತನೆಯ ಬಾಗಿಲಲ್ಲೇ ನಾನು ಜಾರಿಬಿದ್ದದ್ದು.

ಬುದ್ಧರು ಅಲ್ಲಿಗೇ ನಿಲ್ಲಿಸಲಿಲ್ಲ. ಲೋಭ, ದ್ವೇಷ, ಮೋಹಕ್ಕೆ ಸಿಕ್ಕಿದ ಮನುಷ್ಯ ತಾನು ಸುಳ್ಳಾಡುವುದಲ್ಲದೆ ಇನ್ನೊಬ್ಬರನ್ನೂ ಅದೇ ದಾರಿಗೆ ಹಚ್ಚುತ್ತಾನಲ್ಲವೇ ಎಂದು ಕಾಲಾಮರನ್ನು ಕೇಳಿದರು. ಇನ್ನೊಬ್ಬರನ್ನು ಹಚ್ಚುವುದು! ಫಾರ್ವರ್ಡ್ ಅಂದರೆ ಅದೇ ತಾನೇ? ನಮ್ಮ ಫೋನಿಗೆ ಬರುವ ಕೆಟ್ಟ ಸಂದೇಶಗಳನ್ನು ಈ ಮೂರರ ಕೆಳಗೇ ಜೋಡಿಸಿ ನೋಡಿ.

*ಲೋಭ*

ಮೂರು ತಿಂಗಳ ರೀಚಾರ್ಜ್ ಉಚಿತ, ಈ ಲಿಂಕ್ ಒತ್ತಿ, ಹತ್ತು ಜನಕ್ಕೆ ಕಳಿಸಿ. ಪರಿಶಿಷ್ಟರ ಮಕ್ಕಳಿಗೆ ಹೊಸ ವಿದ್ಯಾರ್ಥಿವೇತನ, ಇಲ್ಲಿ ಆಧಾರ್ ಹಾಕಿ. ಇದು ನಮ್ಮ ಕೇರಿಗಳನ್ನೇ ನೋಡಿಕೊಂಡು ಬೀಸುವ ಬಲೆ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ಇದೆ, ಹಾಸ್ಟೆಲ್ ವಾರ್ಡನ್ ಇದ್ದಾರೆ, ಸಮಾಜ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿ ಇದೆ. ಅಲ್ಲಿ ಕೇಳಿ. ಯಾರಿಗೂ ಓಟಿಪಿ ಹೇಳಬೇಡಿ. ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆಪಟ್ಟುಕೊಂಡು ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಯ ಸಹಾಯವಾಣಿ ಅದು.

*ದ್ವೇಷ*

2018ರ ಜುಲೈ 13. ಬೀದರ್ ಜಿಲ್ಲೆಯ ಮುರ್ಕಿ ಗ್ರಾಮ. ಹೈದರಾಬಾದಿನಿಂದ ಗೆಳೆಯರ ಜೊತೆ ಬಂದಿದ್ದ ಒಬ್ಬ ಯುವ ಎಂಜಿನಿಯರ್. ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅವರಿಗೆ ಮುಳುವಾಯಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸಾಪ್‌ನಲ್ಲಿ ಓಡಿತು. ಅವರ ಕಾರಿಗಿಂತ ಮೊದಲೇ ಸುದ್ದಿ ಮುಂದಿನ ಊರು ಮುಟ್ಟಿತ್ತು. ಜನ ಅಡ್ಡಗಟ್ಟಿ ಹೊಡೆದರು. ಆ ಯುವಕನ ಪ್ರಾಣ ಹೋಯಿತು. ಬಂಧನವಾದವರಲ್ಲಿ ಗುಂಪಿನ ಅಡ್ಮಿನ್ ಕೂಡ ಇದ್ದ. ಅದಕ್ಕೆ ಎರಡು ತಿಂಗಳ ಹಿಂದೆ, ಮೇ ತಿಂಗಳಲ್ಲಿ, ಬೆಂಗಳೂರಿನಲ್ಲೂ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಒಬ್ಬ ಯುವಕ ಇದೇ ಗಾಳಿಸುದ್ದಿಗೆ ಬಲಿಯಾಗಿದ್ದ. ಅಲ್ಲಿ ಹೊಡೆದ ಕೈಗಳು ಕೆಲವು. ಸುದ್ದಿ ಕಳಿಸಿದ ಹೆಬ್ಬೆರಳುಗಳು ಎಷ್ಟೋ. ಆ ಹೆಬ್ಬೆರಳಿನ ಒಡೆಯರು ಯಾರೂ, ಕೊಂದದ್ದು ನಾನೇ ಅಂದುಕೊಂಡಿರಲಿಕ್ಕಿಲ್ಲ.

ಅಪರಿಚಿತನನ್ನು ಕಂಡು ಗುಂಪು ಕಟ್ಟಿ ಹೊಡೆಯುವುದು ಏನು ಅಂತ ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗುಡಿಯ ಹತ್ತಿರ ನಿಂತದ್ದಕ್ಕೆ, ಬಾವಿ ಮುಟ್ಟಿದ್ದಕ್ಕೆ ಏಟು ತಿಂದವರ ಮೊಮ್ಮಕ್ಕಳು ನಾವು. ಅಂಥ ಗಾಳಿಸುದ್ದಿ ನಮ್ಮ ಕೈಯಿಂದ ಹೋಗಬಾರದು.

ಮುರ್ಕಿಯ ಸಾವಾದ ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳಿಸುವಂತೆ ಮಿತಿ ಹಾಕಿತು. 2020ರಲ್ಲಿ, ಬಹಳ ಸಲ ದಾಟಿಬಂದ ಸಂದೇಶಕ್ಕೆ ಒಂದೇ ಕಡೆ ಎಂದಿತು. ಒಳ್ಳೆಯದೇ. ಆದರೆ ನಾನು ಆ ಮಿತಿಯನ್ನೂ ದಾಟಿ ಒಂದೊಂದಾಗಿ ಹನ್ನೊಂದು ಕಡೆ ಕಳಿಸಿದೆನಲ್ಲ! ಕಂಪನಿ ಹಾಕುವ ಬೇಲಿಯನ್ನು ಹಾರಬಹುದು. ಒಳಗೆ ಶೀಲವೆಂಬ ಬೇಲಿ ಇದ್ದರೆ ಮಾತ್ರ ಕೈ ನಿಲ್ಲುತ್ತದೆ.

*ಮೋಹ*

ಮೂರನೆಯದೇ ನನ್ನ ತಪ್ಪು. ದುಡ್ಡಿನ ಆಸೆ ಇರಲಿಲ್ಲ, ಯಾರ ಮೇಲೂ ಸಿಟ್ಟಿರಲಿಲ್ಲ. ಪ್ರೀತಿಯಿಂದ ಕಳಿಸಿದ್ದು. ಆದರೆ ಅಭಯ ರಾಜಕುಮಾರನಿಗೆ ಬುದ್ಧರು ಮಾತಿನ ಬಗ್ಗೆ ಹೇಳಿದ್ದು ಏನು? ನಿಜವಲ್ಲದ, ಹಿತವಲ್ಲದ ಮಾತು ಕೇಳುವವರಿಗೆ ಎಷ್ಟೇ ಪ್ರಿಯವಾಗಿದ್ದರೂ ತಥಾಗತರು ಆಡುವುದಿಲ್ಲ. ನಿಜವೂ ಹಿತವೂ ಆದದ್ದನ್ನು ಕೂಡ ಕಾಲ ನೋಡಿ ಆಡುತ್ತಾರೆ. ನನ್ನ ಸಂದೇಶ ಪ್ರಿಯವಾಗಿತ್ತು, ನಿಜವಾಗಿರಲಿಲ್ಲ. ಹಿತ ಆಯಿತೇ? ಆ ಮಗುವನ್ನು ಕೇಳಿ. ಒಂದು ಸುಳ್ಳಿನಿಂದ ಅವಳು ಹೇಳಿದ ನಾಲ್ಕು ನಿಜಗಳೂ ಆ ಕೋಣೆಯಲ್ಲಿ ಬೆಲೆ ಕಳೆದುಕೊಂಡವು.

ಬಾಬಾಸಾಹೇಬರು ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ಅನ್ನುವುದು 1957ರಲ್ಲಿ, ಅವರ ಪರಿನಿಬ್ಬಾಣದ ನಂತರ ಹೊರಬಂದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲೇ ಇದೆ. ಬುದ್ಧರು ಬದುಕಿದ್ದಾಗಲೇ ಅವರ ಮಾತನ್ನು ತಪ್ಪಾಗಿ ಹಬ್ಬಿಸಿದ್ದರು ಎಂದು ಅಲ್ಲಿ ಐದು ಸುತ್ತಗಳನ್ನು ಹೆಸರಿಸಿ ತೋರಿಸುತ್ತಾರೆ. ಬರಹ ಇಲ್ಲದ ಕಾಲ, ಭಾಣಕರು ಬಾಯಿಪಾಠ ಮಾಡಿ ದಾಟಿಸಬೇಕಿತ್ತು, ತಪ್ಪು ನುಸುಳುತ್ತಿತ್ತು. ಆದ್ದರಿಂದ ಬುದ್ಧವಚನ ಅಂತ ಬಂದದ್ದನ್ನೆಲ್ಲ ಒಪ್ಪಬೇಡಿ, ವಿವೇಕಕ್ಕೆ, ತರ್ಕಕ್ಕೆ ಕೂಡುತ್ತದೆಯೇ ನೋಡಿ ಎಂದು ಅಳತೆಗೋಲು ಕೊಟ್ಟರು. ಬುದ್ಧರ ಮಾತನ್ನೇ ಅಳೆದು ತೆಗೆದುಕೊಂಡವರ ಹೆಸರಿನಲ್ಲಿ ನಾವು ಅಳೆಯದೆ ಕಳಿಸುತ್ತೇವೆ!

ಆ ಐದರಲ್ಲಿ ಒಂದು ಅರಿಟ್ಠ ಭಿಕ್ಖುವಿನ ಕತೆ. ಅರಿಟ್ಠ ಧಮ್ಮವನ್ನು ತಿರುಚಿ ಹೇಳುತ್ತಿದ್ದಾನೆ ಎಂದು ಭಿಕ್ಖುಗಳಿಗೆ ಕೇಳಿಬಂತು. ಅವರೇನು ಮಾಡಿದರು? ಊರೆಲ್ಲ ಹಬ್ಬಿಸಲಿಲ್ಲ. ಮೊದಲು ಅವನ ಹತ್ತಿರವೇ ಹೋಗಿ, ನೀನು ಹೀಗೆ ಹೇಳಿದ್ದು ಹೌದಾ ಎಂದು ಕೇಳಿದರು. ಆಮೇಲೆ ಬುದ್ಧರಿಗೆ ತಿಳಿಸಿದರು. ಬುದ್ಧರೂ ಅವನನ್ನು ಕರೆಸಿ ಮತ್ತೆ ಅದನ್ನೇ ಕೇಳಿದರು. ಎರಡು ಸಲ ಮೂಲದಲ್ಲೇ ವಿಚಾರಣೆ! ಆಮೇಲೆ ಹಾವಿನ ಹೋಲಿಕೆ ಕೊಟ್ಟರು. ಹಾವನ್ನು ಬಾಲದಲ್ಲಿ ಹಿಡಿದರೆ ಅದು ತಿರುಗಿ ಹಿಡಿದವನನ್ನೇ ಕಚ್ಚುತ್ತದೆ. ಧಮ್ಮವನ್ನು ತಪ್ಪಾಗಿ ಹಿಡಿದರೂ ಹಾಗೆಯೇ.

*ಹಾಗಾದರೆ ಫೋನೇ ಬೇಡವೇ?*

ಹಾಗೆ ಹೇಳುವ ಹಿರಿಯರು ನಮ್ಮಲ್ಲೂ ಇದ್ದಾರೆ. ನಾನು ಒಪ್ಪುವುದಿಲ್ಲ. 1920ರ ಜನವರಿ 31ರಂದು ಬಾಬಾಸಾಹೇಬರು ‘ಮೂಕನಾಯಕ’ ಪಾಕ್ಷಿಕ ಶುರು ಮಾಡಿದಾಗ, ಹಣ ಕೊಡುತ್ತೇವೆ ಎಂದರೂ ‘ಕೇಸರಿ’ ಅದರ ಜಾಹೀರಾತು ಹಾಕಲಿಲ್ಲ. ಶಾಹು ಮಹಾರಾಜರು ಕೊಟ್ಟ 2,500 ರೂಪಾಯಿ ಆಸರೆಯಾಯಿತು. 1936ರಲ್ಲಿ ಲಾಹೋರಿನ ಸಭೆ ರದ್ದಾದಾಗ ‘ಜಾತಿ ವಿನಾಶ’ದ 1,500 ಪ್ರತಿಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಒಂದು ಮಾತು ಜನರಿಗೆ ಮುಟ್ಟಿಸಲು ಅವರು ಅಷ್ಟು ಪಾಡುಪಟ್ಟರು. ಇವತ್ತು ಹೊಗೆಸೊಪ್ಪಿನ ಬ್ಯಾರನ್ ಮುಂದೆ ರಾತ್ರಿಯೆಲ್ಲ ಬೆಂಕಿ ಕಾಯುವ ನಮ್ಮ ಹುಡುಗನ ಜೇಬಿನಲ್ಲೂ ಒಂದು ‘ಮೂಕನಾಯಕ’ ಇದೆ. ಅವರ ಬರಹಗಳು, ಭಾಷಣಗಳು ಕನ್ನಡದಲ್ಲೂ ಸಂಪುಟಗಳಾಗಿ ಬಂದಿವೆ. ಇಷ್ಟು ಇಟ್ಟುಕೊಂಡು ನಾವು ದಾಟಿಸುವುದು ಯಾರೋ ಕಟ್ಟಿದ ಅಂತೆ ಕಂತೆಯನ್ನೇ?

*ಇವತ್ತಿನ ಅಭ್ಯಾಸ*

ದಿನಾ ಬೆಳಗ್ಗೆ ‘ಮುಸಾವಾದಾ ವೇರಮಣಿ’ ಅನ್ನುತ್ತೇವೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲೂ ಸುಳ್ಳಾಡುವುದಿಲ್ಲ ಎಂಬುದು ಒಂದು. ಈ ಶೀಲ ನಾಲಿಗೆಗೆ ಮಾತ್ರ ಅಲ್ಲ, ಹೆಬ್ಬೆರಳಿಗೂ ಸೇರಿದ್ದು. ಇವತ್ತು ಒಂದು ದಿನ, ಏನನ್ನಾದರೂ ಮುಂದೆ ಕಳಿಸುವ ಮೊದಲು ಒಂದು ಉಸಿರು ಒಳಗೆ, ಒಂದು ಉಸಿರು ಹೊರಗೆ. ಆಮೇಲೆ ಮೂರು ಪ್ರಶ್ನೆ:

1. ನಿಜವೇ? ಮೂಲ ಎಲ್ಲಿದೆ? ಚಿತ್ರವನ್ನು, ದನಿಯನ್ನು ಕೂಡ ಈಗ ಕಂಪ್ಯೂಟರೇ ಕಟ್ಟಿಬಿಡುತ್ತದೆ. ಕಂಡದ್ದೇ ಸಾಕ್ಷಿ ಅನ್ನುವ ಕಾಲ ಹೋಯಿತು.
2. ಹಿತವೇ? ಇದರಿಂದ ಯಾರ ಮನೆಗೆ ನೆಮ್ಮದಿ, ಯಾರ ಮನೆಗೆ ಬೆಂಕಿ?
3. ಕಾಲವೇ? ಎಲ್ಲಿಯದೋ ಹಳೆಯ ಹುಲಿ ವಿಡಿಯೊವನ್ನು ‘ನಮ್ಮೂರಲ್ಲಿ ಈಗ’ ಅಂತ ಹಾಕಿದರೆ, ಕಾಡಂಚಿನ ಒಬ್ಬ ತಾಯಿ ಅವತ್ತಿನ ಕೂಲಿ ಕಳೆದುಕೊಳ್ಳುತ್ತಾಳೆ. ಹುಲಿ ನಿಜವಾಗಿ ಬಂದ ದಿನ ನಮ್ಮ ಮಾತನ್ನು ಯಾರೂ ನಂಬುವುದಿಲ್ಲ.

ಮೂರಕ್ಕೂ ಹೌದು ಅನ್ನಲು ಆಗದಿದ್ದರೆ ಅದು ನಿಮ್ಮ ಫೋನಿನಲ್ಲೇ ನಿಲ್ಲಲಿ. ಆಗಲೇ ಕಳಿಸಿಬಿಟ್ಟಿದ್ದರೆ, ಕಳಿಸಿದ ಕಡೆಗೆಲ್ಲ ತಿದ್ದುಪಡಿ ಕಳಿಸಿ. ನಾನು ಹನ್ನೊಂದು ಗುಂಪಿಗೂ ಹಾಕಿದೆ: “ನಾನು ಕಳಿಸಿದ್ದು ನಿಜವಲ್ಲ, ಪರೀಕ್ಷಿಸದೆ ಕಳಿಸಿದೆ, ಕ್ಷಮಿಸಿ.” ಒಬ್ಬ ಹಿರಿಯರು ಫೋನ್ ಮಾಡಿ, “ಯಾಕಪ್ಪ ಸುಮ್ನೆ ನಮ್ಮ ಹುಡುಗರ ಉತ್ಸಾಹ ಕೆಡಿಸ್ತೀಯ?” ಅಂದರು. “ಅಣ್ಣ, ಸುಳ್ಳಿನ ಮೇಲೆ ನಿಂತ ಉತ್ಸಾಹ ಆ ಮಗು ವೇದಿಕೆ ಇಳಿಯೋ ತನಕವೂ ಉಳಿಯಲಿಲ್ಲ” ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅವಳಿಗೆ ಬಾಬಾಸಾಹೇಬರ ಸಂಪುಟ ನಾನು ಕೊಡಿಸ್ತೀನಿ” ಅಂದರು. ಕೊಡಿಸಿದರು. ಈಗ ನಮ್ಮ ಭಾನುವಾರದ ಧಮ್ಮ ಅಧ್ಯಯನದಲ್ಲಿ ಅವಳೇ ಪುಟ ತೆಗೆದು ಓದುತ್ತಾಳೆ. ನಾವು ಏನಾದರೂ ಹೇಳಿದರೆ, “ಯಾವ ಪುಟ ದೊಡ್ಡಪ್ಪ?” ಅಂತ ಕೇಳುತ್ತಾಳೆ.

ಈ ಸಂದೇಶವನ್ನೂ ನಮ್ಮ ಗುಂಪಿನಿಂದ ಬಂತು ಎಂಬ ಕಾರಣಕ್ಕೆ ಮುಂದೆ ಕಳಿಸಬೇಡಿ. ಓದಿ, ಪರೀಕ್ಷಿಸಿ. ಸರಿ ಕಂಡರೆ ಒಬ್ಬರಿಗೆ ಕಳಿಸಿ. ತಪ್ಪು ಕಂಡರೆ ನನಗೆ ಹೇಳಿ, ತಿದ್ದಿಕೊಳ್ಳುತ್ತೇನೆ.

ಸಬ್ಬೇ ಸತ್ತಾ ಸುಖಿ ಹೊಂತು.
ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು. ☸️

ಜೈ ಭೀಮ್