ಪಕ್ಕದ ಸ್ಲಾಟ್‌ನವನೂ ನನ್ನ ನೆರೆಯವನೇ

ಇವತ್ತಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಇವತ್ತು ನಾವು ಕಾರ್ ಪಾರ್ಕಿಂಗ್ ಬಗ್ಗೆ ಧ್ಯಾನಿಸೋಣ. "ನನ್ನ ಹತ್ರ ಕಾರೇ ಇಲ್ಲ ಬ್ರದರ್" ಅನ್ನೋರು ಫೋನ್ ತೆಗೀಬೇಡಿ. ನಿಮ್ಮ ಸ್ಕೂಟರೂ ಇದರಲ್ಲಿ ಬರುತ್ತೆ.

ಪ್ರಶ್ನೆ ಇಷ್ಟೇ. ಒಬ್ಬ ಮನುಷ್ಯ ತನ್ನ ಕಾರನ್ನು ಬಿಳಿ ಗೆರೆಯಿಂದ ಒಂದು ಗೇಣು ಆಚೆ ನಿಲ್ಲಿಸಿ, ಲಾಕ್ ಮಾಡಿ, ಹೋಗಿಬಿಡ್ತಾನೆ. ಯಾರಿಗೂ ಗಾಯ ಆಗಿಲ್ಲ. ಯಾರ ದುಡ್ಡೂ ಹೋಗಿಲ್ಲ. ಇದು ತಪ್ಪಾ? ದೇವರ ಮುಂದೆ ಲೆಕ್ಕಕ್ಕೆ ಬರುವಂಥ ತಪ್ಪಾ? ಅಥವಾ ಬೆಂಗಳೂರಲ್ಲಿ ಇರೋ ನೂರು ಕಿರಿಕಿರಿಗಳಲ್ಲಿ ಇದೂ ಒಂದು ಅಷ್ಟೇನಾ?

ಬರೀ ಕಿರಿಕಿರಿ ಅಂತ ನಾನು ಒಪ್ಪೋದಿಲ್ಲ. ಯಾಕೆ ಅಂತ ಹೇಳ್ತೀನಿ.

ಮೊದಲು ಅಳತೆ ನೋಡೋಣ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ, ಮಾಲ್‌ನಲ್ಲಿ ಒಂದು ಕಾರಿಗೆ ಸಾಮಾನ್ಯವಾಗಿ ಬಿಡೋ ಜಾಗ ಸುಮಾರು 2.5 ಮೀಟರ್ ಅಗಲ. 1983ರಲ್ಲಿ ಬಂದ ಮಾರುತಿ 800 ಸುಮಾರು 1.4 ಮೀಟರ್ ಅಗಲ ಇತ್ತು. ಅಂಥ ಎರಡು ಕಾರು ಅಕ್ಕಪಕ್ಕ ನಿಂತರೆ ಮಧ್ಯದಲ್ಲಿ ಒಂದು ಮೀಟರ್‌ಗಿಂತ ಜಾಸ್ತಿ ಜಾಗ ಉಳಿಯುತ್ತಿತ್ತು. ಈಗ ಕ್ರೆಟಾ 1.79 ಮೀಟರ್, ಇನ್ನೋವಾ ಕ್ರಿಸ್ಟಾ 1.83 ಮೀಟರ್. ಎರಡು ಕ್ರೆಟಾಗಳು ತಮ್ಮ ತಮ್ಮ ಗೆರೆಗಳ ಸರಿಯಾಗಿ ಮಧ್ಯದಲ್ಲಿ ನಿಂತರೂ ನಡುವೆ ಉಳಿಯೋದು 71 ಸೆಂಟಿಮೀಟರ್. ಕನ್ನಡಿಗಳು ಬೇರೆ ಅದರೊಳಗೇ ಬರಬೇಕು. ಅದರಲ್ಲಿ ಒಬ್ಬ ಒಂದು ಗೇಣು ಈ ಕಡೆ ಸರಿದರೆ ಉಳಿಯೋದು ಅರ್ಧ ಮೀಟರ್. ನನಗೆ, ನಿಮಗೆ ಅದು ಸಾಕು, ಹೊಟ್ಟೆ ಒಳಗೆ ಎಳ್ಕೊಂಡು ಇಳೀತೀವಿ. ಗರ್ಭಿಣಿಗೆ ಸಾಕಾಗಲ್ಲ. ಮಂಡಿ ಆಪರೇಷನ್ ಆಗಿರೋ ಅಜ್ಜಿಗೆ ಸಾಕಾಗಲ್ಲ. ನಿದ್ದೆ ಮಾಡ್ತಿರೋ ಮಗುವನ್ನು ಹೆಗಲ ಮೇಲೆ ಹಾಕ್ಕೊಂಡ ತಾಯಿಗೆ ಸಾಕಾಗಲ್ಲ. ಅಂದ್ರೆ ಆ ಒಂದು ಗೇಣು ಎಲ್ಲರಿಗೂ ಒಂದೇ ಅಲ್ಲ. ಶಕ್ತಿ ಇರೋರಿಗೆ ಅದು ಕಾಣಿಸೋದೇ ಇಲ್ಲ, ಶಕ್ತಿ ಇಲ್ಲದೋರಿಗೆ ಅದು ಬಾಗಿಲು ಮುಚ್ಚಿದ ಹಾಗೆ.

ಇನ್ನೊಂದು ವಿಷಯ ನೋಡಿ. ಪಾರ್ಕಿಂಗ್‌ನಲ್ಲಿ ಮಾಡೋ ತಪ್ಪಿಗೆ ಒಂದು ವಿಶೇಷ ಇದೆ. ಅದು ತೊಂದರೆ ಕೊಡೋ ಹೊತ್ತಿಗೆ ಮಾಡಿದವನು ಅಲ್ಲಿ ಇರೋದಿಲ್ಲ. ಬಸ್ಸಿನಲ್ಲಿ ಯಾರದಾದ್ರೂ ಕಾಲು ತುಳಿದ್ರೆ ಅವರ ಮುಖ ನೋಡ್ತೀವಿ, "ಸಾರಿ ಅಣ್ಣ" ಅಂತೀವಿ. ಇಲ್ಲಿ ನಾವು ಮೇಲೆ ಮೂರನೇ ಫ್ಲೋರ್‌ನಲ್ಲಿ ಊಟ ಮಾಡ್ತಿರ್ತೀವಿ, ಕೆಳಗೆ ಯಾರೋ ಒಬ್ಬರು ನಮ್ಮ ಕಾರಿನ ಮುಂದೆ ನಿಂತು ತಲೆ ಚಚ್ಚಿಕೊಳ್ತಿರ್ತಾರೆ. ಅವರು ಯಾರು ಅಂತ ನಮಗೆ ಯಾವತ್ತೂ ಗೊತ್ತಾಗಲ್ಲ.

ಲೂಕ ಹತ್ತನೇ ಅಧ್ಯಾಯದಲ್ಲಿ ಧರ್ಮಶಾಸ್ತ್ರ ಬಲ್ಲ ಒಬ್ಬ ಮನುಷ್ಯ ಯೇಸು ಸ್ವಾಮಿಯನ್ನು ತನ್ನ ನೆರೆಯವನು ಯಾರು ಅಂತ ಕೇಳಿದ. ಸ್ವಾಮಿ ಒಳ್ಳೇ ಸಮಾರ್ಯದವನ ಕಥೆ ಹೇಳಿದರು. ಆ ಸಮಾರ್ಯದವನ ಕಣ್ಣ ಮುಂದೆಯೇ ಗಾಯಗೊಂಡವನು ಬಿದ್ದಿದ್ದ. ನೋಡಿದ, ಕರುಳು ಮರುಗಿತು. ಆದರೆ ನಮ್ಮ ಕಣ್ಣಿಗೇ ಬೀಳದ ನೆರೆಯವನಿದ್ರೆ? ಅವನನ್ನು ಪ್ರೀತಿಸೋದು ಹೇಗೆ?

ಇದಕ್ಕೂ ವಾಕ್ಯದಲ್ಲಿ ಉತ್ತರ ಇದೆ. ಧರ್ಮೋಪದೇಶಕಾಂಡ 22:8 ತೆಗೆದು ನೋಡಿ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಗಿಡ್ಡ ಗೋಡೆ ಕಟ್ಟಬೇಕು, ಇಲ್ಲದೆ ಹೋದರೆ ಯಾರಾದರೂ ಬಿದ್ದಾಗ ಆ ರಕ್ತಾಪರಾಧ ಮನೆಯವನ ಮೇಲೆ ಬರುತ್ತೆ ಅನ್ನೋ ಆಜ್ಞೆ ಅಲ್ಲಿದೆ. ನಾವು ಈಗ ಪ್ಯಾರಪೆಟ್ ಅಂತೀವಲ್ಲ, ಅದೇ. ಯಾರು ಬೀಳ್ತಾರೆ? ಹೆಸರಿಲ್ಲ. ಯಾವಾಗ? ಗೊತ್ತಿಲ್ಲ. ಬೀಳದೇನೂ ಇರಬಹುದು. ಆದರೂ ದೇವರು ಇಟ್ಟಿಗೆ, ಗಾರೆ ಖರ್ಚು ಮಾಡು ಅಂತಾನೆ. ಇನ್ನೂ ಬಂದಿಲ್ಲದ ಮನುಷ್ಯನಿಗೋಸ್ಕರ ಮೊದಲೇ ಪ್ರೀತಿ ಮಾಡಿಡೋದು ಅಂದ್ರೆ ಇದು. ಗೆರೆಯ ಒಳಗೆ ನಿಂತ ಕಾರು ಒಂದು ಪ್ಯಾರಪೆಟ್, ಪ್ರಿಯರೇ. ಆಮೆನ್?

ಹಾಗಾದ್ರೆ ನಾವು ಯಾಕೆ ಸೊಟ್ಟಗೆ ಬಿಟ್ಟು ಹೋಗ್ತೀವಿ? ಕಾರು ಓಡಿಸೋರಿಗೆ ಗೊತ್ತು. ರಿವರ್ಸ್ ಹಾಕ್ತೀರಿ, ಸೆಕ್ಯೂರಿಟಿ ಅಣ್ಣ ಸೀಟಿ ಊದ್ತಾ "ಬರ್ಲಿ ಬರ್ಲಿ, ಲೆಫ್ಟ್ ಕಟ್ ಮಾಡಿ, ಫುಲ್ ಕಟ್" ಅಂತಿರ್ತಾನೆ. ಹಿಂದೆ ಎರಡು ಕಾರು ಹಾರ್ನ್ ಹೊಡೀತಿರುತ್ತೆ. ಒಂದು ಸಲ ಹಾಕಿದ್ರೆ ಸ್ವಲ್ಪ ವಾರೆ ಬರುತ್ತೆ. ಮತ್ತೆ ಮುಂದೆ ತಗೊಂಡು ನೇರ ಮಾಡೋಕೆ ಅರ್ಧ ನಿಮಿಷ ಸಾಕು. ಆದ್ರೆ ಎಲ್ಲರೂ ನೋಡ್ತಿದ್ದಾರೆ ಅನ್ನೋ ನಾಚಿಕೆ. "ಓಡಿಸೋಕೆ ಬರಲ್ಲ ಅಂದ್ಕೋತಾರೆ" ಅನ್ನೋ ಭಯ. ಸಾಕು ಬಿಡು ಅಂತ ಇಳಿದು ಹೋಗ್ತೀವಿ. ಹಾರ್ನ್ ಹೊಡೆಯೋನು ಕಾಣಿಸ್ತಾನೆ, ಅವನಿಗೆ ಹೆದರಿದ್ವಿ. ಸಂಜೆ ಬರೋ ಅಜ್ಜಿ ಕಾಣಿಸಲ್ಲ, ಅವಳನ್ನ ಮರೆತ್ವಿ. ಮನುಷ್ಯರ ಭಯ ಅಂತ ನಾವು ದೊಡ್ಡ ದೊಡ್ಡ ವಿಷಯಗಳಲ್ಲಿ ಬೋಧಿಸ್ತೀವಿ. ಅದು ಬೇಸ್‌ಮೆಂಟ್‌ನಲ್ಲೂ ಇದೆ.

ಇಲ್ಲಿವರೆಗೂ ನಿಲ್ಲಿಸೋನ ಬಗ್ಗೆ ಹೇಳಿದೆ. ಈಗ ಸೊಟ್ಟಗಿರೋ ಕಾರನ್ನ ನೋಡಿ ಸಿಟ್ಟಾಗೋ ನಮ್ಮ ಬಗ್ಗೆ ಸ್ವಲ್ಪ ಮಾತಾಡೋಣ.

ನಾಲ್ಕು ಸ್ಲಾಟ್ ಕಲ್ಪಿಸಿಕೊಳ್ಳಿ. ಬೆಳಿಗ್ಗೆ ಮೊದಲನೇ ಸ್ಲಾಟ್‌ಗೆ ಬಂದವನು ಅವಸರದಲ್ಲಿ ಎರಡನೇದರ ಗೆರೆ ಮೇಲೆ ನಿಲ್ಲಿಸಿದ. ಎರಡನೆಯವರಿಗೆ ಬಾಗಿಲು ತೆಗೆಯೋಕೆ ಜಾಗ ಬೇಕು, ಅವರು ಮೂರನೇದರ ಕಡೆ ಸರಿದರು. ಮೂರನೆಯವರು ನಾಲ್ಕನೇದರ ಕಡೆ. ಹನ್ನೊಂದು ಗಂಟೆಗೆ ಮೊದಲನೆಯವನು ಕೆಲಸ ಮುಗಿಸಿ ಹೊರಟುಹೋದ. ಎರಡನೆಯವರೂ ಹೋದರು. ಹನ್ನೆರಡಕ್ಕೆ ನೀವು ಬರ್ತೀರಿ. ಏನು ಕಾಣಿಸುತ್ತೆ? ಖಾಲಿ ಸಾಲು, ಮಧ್ಯದಲ್ಲಿ ಒಂದೇ ಒಂದು ಕಾರು ಗೆರೆ ಮೇಲೆ ಕೂತಿದೆ. "ಎಂಥಾ ಅಹಂಕಾರ ನೋಡು ಇವನಿಗೆ, ಎರಡು ಜಾಗ ತಗೊಂಡಿದ್ದಾನೆ!" ಶುರು ಮಾಡಿದವನು ಎಲ್ಲೋ ಆರಾಮಾಗಿದ್ದಾನೆ. ಬೈಗುಳ ಬೀಳೋದು ಕೊನೆಗೆ ಉಳಿದವನಿಗೆ.

ನಮ್ಮ ಜೀವನದಲ್ಲಿ ಇದು ಎಷ್ಟು ಸಲ ನಡೆಯುತ್ತೆ ಯೋಚಿಸಿ. ಮ್ಯಾನೇಜರ್ ಮೇಲೆ ಅವರ ಮೇಲಿನವರು ಕೂಗಾಡ್ತಾರೆ, ಮ್ಯಾನೇಜರ್ ನಿಮ್ಮ ಮೇಲೆ, ನೀವು ಮನೆಗೆ ಬಂದು ಅಮ್ಮನ ಮೇಲೆ. ಅಮ್ಮ ಅಳ್ತಾ ಅಡುಗೆ ಮನೆಯಲ್ಲಿ ಪಾತ್ರೆ ಕುಕ್ಕಿದ್ರೆ "ಅಮ್ಮಂಗೆ ತುಂಬಾ ಕೋಪ" ಅಂತೀವಿ. ನಾವು ಕಾಣೋದು ಕೊನೆಯ ಕಾರು ಮಾತ್ರ. ತೀರ್ಪು ಮಾಡಬೇಡಿ ಅಂತ ಸ್ವಾಮಿ ಹೇಳಿದ್ದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನಿಸುತ್ತೆ. ಬೆಳಿಗ್ಗೆಯಿಂದ ಆ ಸಾಲಿನಲ್ಲಿ ಏನೇನಾಯ್ತು ಅಂತ ನೋಡಿದವನು ದೇವರೊಬ್ಬನೇ.

ಸರಿ, ಈ ಸರಣಿ ನಿಲ್ಲೋದು ಹೇಗೆ? ನಾನಿರೋ ಬಿಲ್ಡಿಂಗ್‌ನಲ್ಲಿ ಒಬ್ಬ ಅಂಕಲ್ ಇದ್ದಾರೆ, ರಿಟೈರ್ ಆಗಿದ್ದಾರೆ. ಅವರ ಬಲಗಡೆ ನಿಲ್ಲೋ ಕಾರು ಆಗಾಗ ಅವರ ಕಡೆ ವಾಲಿಕೊಂಡಿರುತ್ತೆ. ಅಂಕಲ್ ಎಡಗಡೆ ಸರಿಯಬಹುದು. ಸರಿಯಲ್ಲ. ತಮ್ಮ ಗೆರೆಯ ಮಧ್ಯದಲ್ಲೇ ನಿಲ್ಲಿಸ್ತಾರೆ. ಡ್ರೈವರ್ ಬಾಗಿಲು ತೆಗೆಯೋಕೆ ಆಗದ ದಿನ ಗೇರ್ ರಾಡ್ ಮೇಲೆ ಕಾಲು ದಾಟಿಸಿಕೊಂಡು ಎಡಗಡೆ ಸೀಟಿನಿಂದ ಇಳೀತಾರೆ. "ಯಾಕೆ ಅಂಕಲ್ ಇಷ್ಟು ಕಷ್ಟ? ಸ್ವಲ್ಪ ಆ ಕಡೆ ಸರಿಸಬಹುದಲ್ಲ?" ಅಂತ ಕೇಳಿದೆ. "ಆ ಕಡೆ ಮನೆಯವರಿಗೆ ಸಣ್ಣ ಪಾಪು ಇದೆಯಲ್ಲಪ್ಪ" ಅಂದ್ರು. ಅಷ್ಟೇ.

ಆ ಅಂಕಲ್ ನಮ್ಮ ಸಭೆಯವರಲ್ಲ. ಆದ್ರೆ ನಾವು ವಾರ ವಾರ ಬೋಧಿಸೋದನ್ನ ಅವರು ಅಲ್ಲಿ ಮಾಡಿ ತೋರಿಸಿದರು. ಬಲಗಡೆಯಿಂದ ಬಂದ ಕಷ್ಟ ಎಡಗಡೆಗೆ ದಾಟಲಿಲ್ಲ. ಅವರಲ್ಲೇ ನಿಂತುಹೋಯ್ತು. ಸರಣಿ ಯಾವಾಗ್ಲೂ ಹೀಗೇ ನಿಲ್ಲೋದು: ಯಾರಾದ್ರೂ ಒಬ್ಬರು, ತಮ್ಮದಲ್ಲದ ತಪ್ಪಿನ ಇಕ್ಕಟ್ಟನ್ನ ತಮ್ಮ ಮೈಮೇಲೆ ತಗೊಂಡು, ಮುಂದಿನವರಿಗೆ ಕೊಡದೆ ಇದ್ದಾಗ. ಪೇತ್ರನು ತನ್ನ ಮೊದಲನೆಯ ಪತ್ರದ ಎರಡನೇ ಅಧ್ಯಾಯದಲ್ಲಿ ಯೇಸು ಸ್ವಾಮಿಯ ಬಗ್ಗೆ ಹೇಳೋದು ಇದನ್ನೇ. ಜನ ನಿಂದಿಸಿದ್ರು, ಹಿಂಸಿಸಿದ್ರು. ಆತನು ಅದನ್ನ ಯಾರ ಮೇಲೂ ತಿರುಗಿಸಲಿಲ್ಲ. ಶಿಲುಬೆ ಎಲ್ಲಿ, ಪಾರ್ಕಿಂಗ್ ಎಲ್ಲಿ ಅಂತ ನೀವು ಕೇಳಬಹುದು. ಎರಡೂ ಸಮ ಅಂತ ನಾನು ಹೇಳ್ತಾ ಇಲ್ಲ. ಆದ್ರೆ ಗೊಲ್ಗೊಥಾದಲ್ಲಿ ತನ್ನ ಮೇಲೆ ತಗೊಂಡವನನ್ನ ಹಿಂಬಾಲಿಸ್ತೀನಿ ಅನ್ನೋರು, ಒಂದು ಗೇಣು ಇಕ್ಕಟ್ಟನ್ನ ತಮ್ಮ ಮೇಲೆ ತಗೊಳ್ಳೋಕೆ ಆಗಲ್ಲ ಅಂದ್ರೆ, ಯಾವ ದೊಡ್ಡ ತ್ಯಾಗಕ್ಕೆ ಕಾಯ್ತಾ ಇದ್ದೀವಿ?

ಒಂದು ಎಚ್ಚರಿಕೆ. ಸಹಿಸ್ಕೊಳ್ಳಿ ಅಂದ್ರೆ ಬಾಯಿ ಮುಚ್ಚಿಕೊಂಡಿರಿ ಅಂತ ಅಲ್ಲ. ಒಂದು ಕಾರು ಆಂಬುಲೆನ್ಸ್ ದಾರಿಗೆ ಅಡ್ಡ ನಿಂತಿದ್ರೆ, ಫುಟ್‌ಪಾತ್ ಮೇಲೆ ಹತ್ತಿ ಕಣ್ಣು ಕಾಣದವರನ್ನ, ವೀಲ್‌ಚೇರ್‌ನವರನ್ನ ರಸ್ತೆಗೆ ಇಳಿಸ್ತಿದ್ರೆ ಅಲ್ಲಿ ಸುಮ್ಮನಿರೋದು ತಾಳ್ಮೆ ಅಲ್ಲ. ಬೇರೆಯವರ ಕಷ್ಟವನ್ನ ನಾವು ಸಹಿಸ್ಕೊಂಡಿವಿ ಅನ್ನೋಕೆ ಆಗಲ್ಲ. ಹೇಳಬೇಕು. ಹೇಗೆ ಹೇಳಬೇಕು ಅನ್ನೋದನ್ನೂ ಸ್ವಾಮಿ ಮತ್ತಾಯ 18ರಲ್ಲಿ ಕಲಿಸಿದ್ದಾರೆ. ಸಹೋದರ ತಪ್ಪು ಮಾಡಿದ್ರೆ ಮೊದಲು ಅವನ ಹತ್ರ ಒಬ್ಬನೇ ಹೋಗಿ ಮಾತಾಡು ಅಂತ. ನಾವೇನು ಮಾಡ್ತೀವಿ? ನಂಬರ್ ಪ್ಲೇಟ್ ಕಾಣೋ ಹಾಗೆ ಫೋಟೋ ತೆಗೆದು ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪ್‌ಗೆ ಹಾಕಿ "ಯಾರದ್ರೀ ಇದು?" ಅಂತ ಬರೀತೀವಿ. ನೂರು ಜನ ನೋಡಿದ ಮೇಲೆ ಆ ಮನುಷ್ಯ ಕಾರು ತೆಗೀತಾನೆ, ಆದ್ರೆ ಇನ್ಮೇಲೆ ನಿಮ್ಮ ಮುಖ ನೋಡಲ್ಲ. ಮೆಟ್ಟಿಲು ಹತ್ತಿ, ಬೆಲ್ ಮಾಡಿ, "ಸರ್, ಸ್ವಲ್ಪ ಕಾರು ಈ ಕಡೆ ಬಂದಿದೆ, ಅಮ್ಮಂಗೆ ಇಳಿಯೋಕೆ ಕಷ್ಟ ಆಗ್ತಿದೆ" ಅನ್ನಿ. ಸಾಮಾನ್ಯವಾಗಿ ಅಷ್ಟೇ ಸಾಕಾಗುತ್ತೆ.

ಈಗ ನಮ್ಮ ಸಭೆಯ ವಿಷಯ. ಭಾನುವಾರ ಬೆಳಿಗ್ಗೆ ಇಲ್ಲಿ ಆರಾಧನೆ ನಡೆಯುವಾಗ ನಮ್ಮ ಗಾಡಿಗಳೆಲ್ಲ ಈ ಕ್ರಾಸ್ ರೋಡ್‌ನಲ್ಲೇ ನಿಂತಿರುತ್ತವೆ. ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಅಪಾಯ, ಅಡ್ಡಿ, ಅನಾವಶ್ಯಕ ತೊಂದರೆ ಆಗೋ ಹಾಗೆ ವಾಹನ ಬಿಟ್ಟು ಹೋಗಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ ಹೇಳುತ್ತೆ. ಕಾನೂನು ಅಷ್ಟು ಕೇಳುತ್ತೆ. ಪ್ರೀತಿ ಅದಕ್ಕಿಂತ ಜಾಸ್ತಿ ಕೇಳಬೇಕು. ಈ ರಸ್ತೆಯ ಮನೆಗಳವರು ನಮ್ಮ ಪ್ರಸಂಗ ಕೇಳಿಲ್ಲ, ನಮ್ಮ ಹಾಡಿನ ಅರ್ಥ ಅವರಿಗೆ ಗೊತ್ತಿಲ್ಲ. ತಮ್ಮ ಗೇಟ್ ಮುಂದೆ ನಮ್ಮ ಕಾರು ಹೇಗೆ ನಿಂತಿದೆ ಅನ್ನೋದು ಮಾತ್ರ ಗೊತ್ತು. ಒಳಗೆ ನಾವು ಕೈಯೆತ್ತಿ ಸ್ತೋತ್ರ ಮಾಡ್ತಿರುವಾಗ, ಹೊರಗೆ ಒಬ್ಬರು ಅಪ್ಪನನ್ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗೋಕೆ ಗೇಟ್ ತೆಗೆದು ನಿಂತಿದ್ರೆ, ಆ ಹೊತ್ತಿಗೆ ನಮ್ಮ ಸಾಕ್ಷಿ ಯಾವುದು? ನಮ್ಮ ಸ್ತೋತ್ರನಾ, ನಮ್ಮ ಬಂಪರ್ರಾ?

ಹಾಗಾಗಿ ಯೌವನಸ್ಥರು ಮೂರು ಕೆಲಸ ಮಾಡಿ. ಗೇಟ್ ಮುಂದೆ ನಿಲ್ಲಿಸಬೇಡಿ, "ಐದೇ ನಿಮಿಷ" ಅಂತ ಕೂಡ ಬೇಡ. ಡ್ಯಾಶ್‌ಬೋರ್ಡ್ ಮೇಲೆ ಫೋನ್ ನಂಬರ್ ಇಡಿ, ಪ್ರಾರ್ಥನೆ ನಡೀತಿದ್ರೂ ಕರೆ ಬಂದ್ರೆ ಎದ್ದು ಹೋಗಿ. ಎದ್ದು ಹೋಗೋದೂ ಆರಾಧನೆಯೇ. ಇನ್ನು ಹಿಂದೆ ಮುಂದೆ ನಿಲ್ಲಿಸೋ ಜಾಗದಲ್ಲಿ, ನೆಲ ಸಮ ಇದ್ರೆ, ಹ್ಯಾಂಡ್‌ಬ್ರೇಕ್ ಹಾಕದೆ ನ್ಯೂಟ್ರಲ್‌ನಲ್ಲಿ ಬಿಡಿ. ಈ ಪದ್ಧತಿ ನನಗೆ ತುಂಬಾ ಇಷ್ಟ. ನಾನಿಲ್ಲದಾಗ ನೀನು ನನ್ನ ಗಾಡಿಯನ್ನ ತಳ್ಳಬಹುದು, ನಾನು ಬೇಜಾರು ಮಾಡ್ಕೊಳ್ಳಲ್ಲ ಅಂತ ಬಾಯಲ್ಲಿ ಹೇಳದೇ ಹೇಳೋ ರೀತಿ ಅದು.

ಕೊನೆಗೆ ಒಂದೇ ಮಾತು. ಈ ವಾರ ಗಾಡಿ ಲಾಕ್ ಮಾಡಿ ಹೊರಡೋ ಮೊದಲು ಒಂದು ಸಲ ತಿರುಗಿ ನೋಡಿ. ನಿಮ್ಮ ಕಾರನ್ನ ನೋಡಬೇಡಿ, ಪಕ್ಕದಲ್ಲಿ ಉಳಿದಿರೋ ಜಾಗ ನೋಡಿ. ಅಲ್ಲಿ ಯಾರು ಇಳೀಬಹುದು ಅಂತ ಯೋಚಿಸಿ. ಸರಿ ಇಲ್ಲ ಅನಿಸಿದ್ರೆ, ಯಾರು ನೋಡ್ತಿದ್ರೂ ಪರವಾಗಿಲ್ಲ, ಮತ್ತೆ ಒಳಗೆ ಕೂತು ಇನ್ನೊಂದು ಸಲ ಹಾಕಿ.

ಪ್ರಾರ್ಥನೆ ಮಾಡೋಣ. ಕರ್ತನೇ, ನಮ್ಮ ಕಣ್ಣಿಗೆ ಕಾಣದ ನೆರೆಯವರನ್ನ ನೀನು ಕಾಣ್ತೀಯ. ಅವರಿಗೆ ಜಾಗ ಬಿಡುವ ಮನಸ್ಸು ನಮಗೆ ಕೊಡು. ಬೇರೆಯವರಿಂದ ನಮಗೆ ಬಂದ ಇಕ್ಕಟ್ಟನ್ನ ಇನ್ನೊಬ್ಬರಿಗೆ ದಾಟಿಸದೆ ಇರುವ ಬಲ ಕೊಡು. ಈ ಬೀದಿಯ ಮನೆಗಳನ್ನ ಆಶೀರ್ವದಿಸು. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ, ತಂದೆಯೇ. ಆಮೆನ್.