ಪರಹಿತವೂ ಪರಸಮ್ಮತಿಯೂ

ಬಲ್ಲವನು ಅರಿಯದವನಿಗೆ ಕೇಡನ್ನು ಮಾಡಕೂಡದೆಂಬುದರಲ್ಲಿ ವಿವಾದವಿಲ್ಲ. ಆದರೆ ಅರಿಯದವನನ್ನು ಕೇಳದೆಯೇ ಅವನಿಗೆ ಹಿತವನ್ನು ಮಾಡಬಹುದೆ? ಇದಕ್ಕೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಕೇಡನ್ನು ಎಸಗುವವನಿಗೆ ಅವನ ಮನಸ್ಸಾಕ್ಷಿಯಾದರೂ ಅಡ್ಡ ಬರುವುದುಂಟು. ಹಿತವನ್ನೇ ಮಾಡುತ್ತಿರುವೆನೆಂದು ನಂಬಿದವನಿಗೆ ಆ ತಡೆಯೂ ಇಲ್ಲ. ನೀತಿಗ್ರಂಥಗಳಲ್ಲಿ ಕಾಣತಕ್ಕ ಈ ಪ್ರಶ್ನೆಯು ಎಳೆಯರಿಗಾಗಿ ಬರೆದ ಒಂದು ಅದ್ಭುತ ಕಥಾಮಾಲೆಯಲ್ಲಿ ವಾಚಕರನ್ನು ಎದುರುಗೊಳ್ಳುತ್ತದೆ.

ಇಂಗ್ಲೆಂಡಿನ ಲೇಖಕಿ ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಕಥೆಗಳು 1997ರಿಂದ 2007ರವರೆಗೆ ಏಳು ಸಂಪುಟಗಳಾಗಿ ಪ್ರಕಟವಾದುವು. ಹುಟ್ಟಿನಿಂದಲೇ ಮಂತ್ರಶಕ್ತಿಯುಳ್ಳ ಬಾಲಕಬಾಲಿಕೆಯರು ಹನ್ನೊಂದನೆಯ ವಯಸ್ಸಿನಲ್ಲಿ ಸ್ಕಾಟ್ಲೆಂಡಿನ ಹಾಗ್ವರ್ಟ್ಸ್ ಎಂಬ ಶಾಲೆಯನ್ನು ಸೇರಿ, ಏಳು ವರ್ಷ ಆ ವಿದ್ಯೆಯನ್ನು ಅಭ್ಯಸಿಸುತ್ತಾರೆ. ಹದಿನೇಳು ತುಂಬುವವರೆಗೆ ಶಾಲೆಯ ಹೊರಗೆ ಅದನ್ನು ಪ್ರಯೋಗಿಸಕೂಡದೆಂದು ಕಟ್ಟಳೆಯುಂಟು. ಶಕ್ತಿಯಿಲ್ಲದ ಸಾಮಾನ್ಯರನ್ನು ಅವರು ‘ಮಗಲ್’ ಎಂದು ಕರೆಯುತ್ತಾರೆ. ಕಥೆಯ ಮುಖ್ಯ ಹೋರಾಟವು ಮಗಲ್‌ರನ್ನು ತುಚ್ಛವಾಗಿ ಕಾಣುವ ವೋಲ್ಡೆಮಾರ್ಟ್ ಎಂಬ ದುಷ್ಟನಿಗೂ ಅವರನ್ನು ರಕ್ಷಿಸಲೆಳಸುವ ಸಜ್ಜನರಿಗೂ ನಡುವಣದು. ಆದರೆ ವಿಚಾರಕ್ಕೆ ಹೆಚ್ಚು ಎಡೆಗೊಡುವುದು ದುಷ್ಟರ ನಡತೆಯಲ್ಲ, ಸಜ್ಜನರ ನಡತೆ.

2000ದಲ್ಲಿ ಬಂದ ನಾಲ್ಕನೆಯ ಸಂಪುಟದಲ್ಲಿ ಮಾಂತ್ರಿಕರ ಕ್ರೀಡೋತ್ಸವವೊಂದು ನಡೆಯುತ್ತದೆ. ಅವರ ಡೇರೆಗಳಿಗೆ ಎಡೆಕೊಟ್ಟ ಮೈದಾನದ ಮೇಲ್ವಿಚಾರಕನಾದ ರಾಬರ್ಟ್ಸ್ ಎಂಬವನು ಮಗಲ್. ವಿಚಿತ್ರ ಜನರನ್ನೂ ವಿಚಿತ್ರ ನಾಣ್ಯಗಳನ್ನೂ ಕಂಡು ಅವನು ಸಂಶಯಪಟ್ಟಾಗಲೆಲ್ಲ ಸರಕಾರದ ಮಾಂತ್ರಿಕನೊಬ್ಬನು ಬಂದು ಅವನ ನೆನಪನ್ನು ಅಳಿಸುತ್ತಾನೆ. ಅವನನ್ನು ನೆಮ್ಮದಿಯಾಗಿಡಲು ದಿನಕ್ಕೆ ಹತ್ತು ಸಲ ಹೀಗೆ ಮಾಡಬೇಕಾಗಿದೆಯೆಂದು ಆ ಅಧಿಕಾರಿಯು ಬೇಸರದಿಂದ ನುಡಿಯುತ್ತಾನೆ. ಅದೇ ಉತ್ಸವದ ರಾತ್ರಿ ಮುಸುಕುಧಾರಿಗಳಾದ ದುಷ್ಟರು ಆ ಮನುಷ್ಯನನ್ನೂ ಅವನ ಹೆಂಡತಿಮಕ್ಕಳನ್ನೂ ಆಕಾಶಕ್ಕೆತ್ತಿ ಬೊಂಬೆಗಳಂತೆ ಆಡಿಸಿ ನಗುತ್ತಾರೆ. ಆ ಹಿಂಸೆಯ ನೆನಪನ್ನೂ ಸಜ್ಜನರೇ ಅಳಿಸುತ್ತಾರೆ. ಮರುದಿನ ಬೆಳಗ್ಗೆ ಆ ಬಡಪಾಯಿಯು ಬೇಸಗೆಯಲ್ಲಿಯೇ ಕ್ರಿಸ್‌ಮಸ್ ಹಬ್ಬದ ಶುಭಾಶಯವನ್ನು ಹೇಳಿ ಅತಿಥಿಗಳನ್ನು ಬೀಳ್ಕೊಡುತ್ತಾನೆ.

ದುಷ್ಟರು ಅವನ ದೇಹವನ್ನು ಆಟಿಕೆಯಾಗಿಸಿದರು. ಸಜ್ಜನರು ಅವನ ಮನಸ್ಸನ್ನು ಹಲಗೆಯಂತೆ ಒರಸಿದರು. ಮೊದಲನೆಯದನ್ನು ಕಂಡು ಎಲ್ಲರೂ ಮರುಗಿದರು, ಎರಡನೆಯದನ್ನು ಕಂಡು ಯಾರೂ ಮರುಗಲಿಲ್ಲ. ಮಾಂತ್ರಿಕರ ನ್ಯಾಯದಲ್ಲಿ ಮನುಷ್ಯನೊಬ್ಬನ ಇಚ್ಛೆಯನ್ನು ಮಂತ್ರದಿಂದ ವಶಪಡಿಸಿಕೊಳ್ಳುವುದು ಕ್ಷಮೆಯಿಲ್ಲದ ಮೂರು ಅಪರಾಧಗಳಲ್ಲೊಂದು. ನೆನಪನ್ನು ಅಳಿಸುವುದಾದರೋ ಸಂಬಳದ ನೌಕರಿ! ಇಚ್ಛೆಯು ನೆನಪಿನ ಮೇಲೆಯೇ ನೆಲೆಗೊಂಡಿರುವಾಗ ಈ ಭೇದವು ಹೇಗೆ ನಿಂತೀತು? ಎರಡನೆಯ ಸಂಪುಟದ ಲಾಕ್‌ಹಾರ್ಟ್ ಎಂಬ ಉಪಾಧ್ಯಾಯನು ಇದೇ ಮಂತ್ರದಿಂದ ಪರರ ಸಾಹಸಗಳನ್ನು ಅವರಿಗೇ ಮರೆಯಿಸಿ ಕೀರ್ತಿಯನ್ನು ಗಳಿಸಿದವನು. ಅವನ ಉದ್ದೇಶವು ನೀಚ, ಅಧಿಕಾರಿಯ ಉದ್ದೇಶವು ನಿರ್ದೋಷವೆನ್ನಬಹುದು. ಆದರೆ ನೆನಪನ್ನು ಕಳೆದುಕೊಂಡವನ ಕಡೆಯಿಂದ ನೋಡಿದರೆ ಎರಡು ಕೃತ್ಯಗಳೂ ಒಂದೇ.

ಈ ಪ್ರಶ್ನೆಯು ಅತ್ಯಂತ ಕಠಿಣವಾಗುವುದು ಕೊನೆಯ ಸಂಪುಟದಲ್ಲಿ. ಹ್ಯಾರಿಯ ಗೆಳತಿಯಾದ ಹರ್ಮಯನಿಯ ತಂದೆತಾಯಿಗಳು ಮಗಲ್‌ರು, ವೃತ್ತಿಯಿಂದ ದಂತವೈದ್ಯರು. ಶತ್ರುಗಳು ಅವರನ್ನು ಹಿಡಿದು ಹಿಂಸಿಸುವರೆಂಬ ಭಯದಿಂದ ಮಗಳು ಅವರ ನೆನಪನ್ನೇ ಮಾರ್ಪಡಿಸಿ, ಬೇರೆ ಹೆಸರುಗಳನ್ನು ಕೊಟ್ಟು, ಆಸ್ಟ್ರೇಲಿಯಕ್ಕೆ ಹೋಗಿ ನೆಲಸುವುದೇ ತಮ್ಮ ಬಾಳಿನ ಆಸೆಯೆಂದು ಅವರೇ ನಂಬುವಂತೆ ಮಾಡುತ್ತಾಳೆ. ತಮಗೊಬ್ಬ ಮಗಳಿದ್ದಾಳೆಂಬುದೂ ಅವರಿಗೆ ತಿಳಿಯದು. ಇದನ್ನು ಗೆಳೆಯರಿಗೆ ಹೇಳುವಾಗ ಅವಳ ಕಣ್ಣುಗಳು ತುಂಬಿಬರುತ್ತವೆ. ಅವರ ಒಪ್ಪಿಗೆಯನ್ನು ಪಡೆದಳೆಂದು ಆಗ ಅವಳು ಹೇಳುವುದಿಲ್ಲ.

ಇಲ್ಲಿ ಒಂದು ಆಕ್ಷೇಪವುಂಟು. ಪ್ರಾಣಾಪಾಯವು ಬಾಗಿಲಲ್ಲಿ ನಿಂತಿರುವಾಗ ಸಮ್ಮತಿಯನ್ನು ಕೇಳುತ್ತ ಕುಳಿತರೆ ಪ್ರಾಣವೇ ಹೋದೀತು. ಕೇಳಿದ್ದರೆ ಮಗಳನ್ನು ಬಿಟ್ಟು ಹೋಗಲು ಯಾವ ತಾಯಿಯೂ ಒಪ್ಪುತ್ತಿರಲಿಲ್ಲ. ಆದುದರಿಂದ ಹರ್ಮಯನಿಯು ಮಾಡಿದುದೇ ಸರಿ ಎಂಬುದು. ಈ ಮಾತಿನಲ್ಲಿ ಬಲವಿಲ್ಲದಿಲ್ಲ. ಆದರೆ ಅವರು ಒಪ್ಪುತ್ತಿರಲಿಲ್ಲವೆಂಬುದೇ ಕೇಳದಿರುವುದಕ್ಕೆ ಕಾರಣವಾದರೆ, ಒಪ್ಪದಿರುವ ಅಧಿಕಾರವು ಅವರಿಗೆ ಇಲ್ಲವೆಂದೇ ಅರ್ಥವಾಯಿತು. ಮಗಳೊಡನೆ ಅಪಾಯವನ್ನು ಹಂಚಿಕೊಳ್ಳಬೇಕೆಂಬ ಹಟವು ಅವಿವೇಕವಾಗಿರಬಹುದು; ಆದರೂ ಅದು ಅವರ ಸೊತ್ತು.

ಹಿತದ ಹೆಸರಿನಲ್ಲಿ ಮಾಡಿದ ಕಾರ್ಯವನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ಯಾವಾಗಲೂ ಸಾಧ್ಯವಲ್ಲ. ಮಹಾಭಾರತದಲ್ಲಿ ಭೀಷ್ಮನು ಕುಲದ ಹಿತಕ್ಕಾಗಿ, ತನಗಾಗಿ ಏನನ್ನೂ ಬಯಸದೆ, ಕಾಶೀರಾಜನ ಕುಮಾರಿಯರನ್ನು ರಥದಲ್ಲಿ ತಂದನು. ಅಂಬೆಯು ತನ್ನ ಮನಸ್ಸು ಸಾಲ್ವನಲ್ಲಿದೆಯೆಂದು ಹೇಳಿದೊಡನೆ ಗೌರವದಿಂದ ಕಳುಹಿಸಿಕೊಟ್ಟನು. ಆದರೆ ಸಾಲ್ವನು ಅವಳನ್ನು ಸ್ವೀಕರಿಸಲಿಲ್ಲ. ಮೊದಲೇ ಕೇಳಬಹುದಾಗಿದ್ದ ಒಂದು ಪ್ರಶ್ನೆಯನ್ನು ಕೇಳದೆಹೋದುದರ ಫಲವನ್ನು ಅವಳೂ ಉಂಡಳು, ಕೊನೆಗೆ ಅವನೂ ಉಂಡನು.

ಹಾಗೆಂದು ಹರ್ಮಯನಿಯನ್ನು ಲಾಕ್‌ಹಾರ್ಟನೊಡನೆ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಬದುಕಿ ಉಳಿದರೆ ಅವರನ್ನು ಹುಡುಕಿ ಮಂತ್ರವನ್ನು ಬಿಡಿಸುವೆನೆಂದು ಅವಳು ತನ್ನ ಮೇಲೆ ಋಣವನ್ನು ಹೊತ್ತಿದ್ದಾಳೆ. ತಾನು ಸತ್ತರೆ ಅವರಾದರೂ ಸುಖವಾಗಿರಲೆಂದು, ಅವರು ತನ್ನನ್ನು ಮರೆಯುವ ನಷ್ಟವನ್ನು ತಾನೂ ಅನುಭವಿಸುತ್ತಾಳೆ. ರಾಬರ್ಟ್ಸನ ನೆನಪನ್ನು ಅಳಿಸಿದವನಿಗೆ ಅಂತಹ ಋಣಬುದ್ಧಿಯೇ ಇರಲಿಲ್ಲ. ಕೇಳದೆ ಮಾಡಿದ ಹಿತವು ಕೆಲವು ವೇಳೆ ಅನಿವಾರ್ಯವಾದೀತು. ಆದರೆ ಅನಿವಾರ್ಯವಾದ ಮಾತ್ರಕ್ಕೆ ಅದು ನಿರ್ದೋಷವಾಗದು. ಎಂದಾದರೂ ಲೆಕ್ಕವೊಪ್ಪಿಸಿ ತೀರಿಸಬೇಕಾದ ಸಾಲವಾಗಿಯೇ ಉಳಿಯುತ್ತದೆ. ಶಾಲೆಯ ಮುಖ್ಯಸ್ಥನಾದ ಡಂಬಲ್‌ಡೋರನು ತಾರುಣ್ಯದಲ್ಲಿ, ಮಗಲ್‌ರನ್ನು ಅವರ ಹಿತಕ್ಕಾಗಿಯೇ ಆಳಬೇಕೆಂದು ಗೆಳೆಯನೊಬ್ಬನಿಗೆ ಬರೆದಿದ್ದನು. ಆ ಗೆಳೆಯನು ಅದೇ ಘೋಷವನ್ನು ಒಂದು ಸೆರೆಮನೆಯ ಬಾಗಿಲ ಮೇಲೆ ಕೆತ್ತಿಸಿದನು. ಡಂಬಲ್‌ಡೋರನಾದರೋ ಅಧಿಕಾರವೇ ತನ್ನ ದೌರ್ಬಲ್ಯವೆಂದು ಅರಿತು, ಮಂತ್ರಿಪದವಿಯನ್ನು ಬೇಡವೆಂದು ಶಾಲೆಯಲ್ಲಿಯೇ ಉಳಿದನು.

ಮಂತ್ರದಂಡವಿಲ್ಲದ ಮನೆಗಳಲ್ಲಿಯೂ ಈ ಮಂತ್ರವು ನಡೆಯುತ್ತದೆ. ಓದಿದ ಮಗನು ವೈದ್ಯರು ಹೇಳಿದ ರೋಗದ ಹೆಸರನ್ನು ತಂದೆಯಿಂದ ಮರೆಮಾಚುತ್ತಾನೆ. ಅರ್ಥವನ್ನು ವಿವರಿಸದೆ ತಾಯಿಯಿಂದ ಕಾಗದಪತ್ರಗಳಿಗೆ ರುಜು ಹಾಕಿಸುತ್ತಾನೆ. ಹಳ್ಳಿಯ ಮನೆಯನ್ನು ಮಾರಿ ಅವರನ್ನು ಪಟ್ಟಣಕ್ಕೆ ಕರೆತರುತ್ತಾನೆ. ಎಲ್ಲವೂ ಅವರ ಒಳ್ಳೆಯದಕ್ಕೇ. ವಿದ್ಯೆಯೆಂಬುದು ಅದಿಲ್ಲದವರ ಎದುರಿಗೆ ಒಂದು ಅತಿಮಾನುಷ ಶಕ್ತಿಯೇ ಸರಿ. ಹದಿನೇಳು ತುಂಬಿದ ಹರ್ಮಯನಿಗೆ ಮಂತ್ರವನ್ನು ಪ್ರಯೋಗಿಸಲು ಕಟ್ಟಳೆಯ ಅಡ್ಡಿಯಿರಲಿಲ್ಲ. ಕಣ್ಣೀರಿನ ಅಡ್ಡಿಯಾದರೂ ಇದ್ದಿತು. ಓದಿದ ಮಗನು ರುಜುವಿಗೆ ಮುನ್ನ ಕಾಗದವನ್ನು ತಾಯಿಗೆ ಓದಿ ಹೇಳಲು ಕಾಲು ಗಳಿಗೆಯೂ ಹಿಡಿಯದು. ಆಕೆ ಬೇಡವೆನ್ನಬಹುದು. ಆ ಬೇಡವನ್ನು ಕೇಳಿಸಿಕೊಳ್ಳುವ ಸೈರಣೆಯಿಲ್ಲದ ಹಿತವು ತಾಯಿಯ ಹಿತವೋ ಮಗನ ಅನುಕೂಲವೋ ಎಂಬುದನ್ನು ಅವನೇ ವಿಚಾರಿಸಿಕೊಳ್ಳತಕ್ಕದ್ದು.