ಹತ್ತು ಜನರ ಹುಲ್ಲುಕಡ್ಡಿ

‘ಹತ್ತು ಜನರ ಹುಲ್ಲುಕಡ್ಡಿ, ಒಬ್ಬನ ತಲೆಹೊರೆ.’ ವೇದಿಕೆಯ ಮೇಲೆ ಈ ಗಾದೆ ಒಗ್ಗಟ್ಟಿನ ಭಾಷಣಕ್ಕೆ ಒದಗಿ ಅಲ್ಲಿಗೇ ಮುಗಿಯುತ್ತದೆ. ಗಾದೆ ಕಟ್ಟಿದವರು ಹತ್ತು ಎಂದೇ ಏಕೆ ಹೇಳಿದರು, ಸಾವಿರ ಎನ್ನಲಿಲ್ಲವೇಕೆ ಎಂದು ಕೇಳುವವರು ಕಡಿಮೆ.

ಕನಕಪುರ, ರಾಮನಗರ ಕಡೆಯ ಹುಳದ ಮನೆಗಳಲ್ಲಿ ಇದಕ್ಕೆ ಉತ್ತರವಿದೆ. ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ನಾಲ್ಕು ಹಂತ ದಾಟಿದ ರೇಷ್ಮೆಹುಳ ವಾರದ ಹೊತ್ತು ಹಗಲೂ ರಾತ್ರಿ ಸೊಪ್ಪು ಮೇದು, ಒಂದು ಬೆಳಿಗ್ಗೆ ಮೇವು ಬಿಟ್ಟು ತಲೆಯೆತ್ತುತ್ತದೆ. ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಹೊಳೆಯುತ್ತದೆ. ಹುಳ ಹಣ್ಣಾಯಿತು. 100 ಮೊಟ್ಟೆ ಗೊಂಚಲು ಸಾಕಿದ ಮನೆಯಲ್ಲಿ 40 ಸಾವಿರದ ಆಸುಪಾಸು ಹುಳ. ಅಷ್ಟನ್ನೂ ಆಯ್ದು, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ದಂಡ. ಆ ದಿನ ಬೇಕಾಗುವುದು ಇಡೀ ಊರಲ್ಲ, ಅಕ್ಕಪಕ್ಕದ ಆರೇಳು ಜನ. ಮುಯ್ಯಾಳಾಗಿ ಬಂದವರು ಕೂಲಿ ಕೇಳುವುದಿಲ್ಲ. ಅವರ ಮನೆಯ ಹುಳ ಹಣ್ಣಾದಾಗ ಇವರು ಹೋಗಬೇಕು, ಅಷ್ಟೇ. ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಬರೆದಿಡಬೇಕಿಲ್ಲ. ಬಾರದವಳ ಮನೆ ಮುಂದೆ ಸಂಜೆ ಯಾರಾದರೂ ನಿಂತು ‘ಯಾಕವ್ವ, ಹುಷಾರಿಲ್ವಾ?’ ಎಂದು ಕೇಳುತ್ತಾರೆ. ಸಾವಿರ ಜನರ ಸಭೆಯಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಒಬ್ಬರು ಕಾಣದಿದ್ದರೆ ಉಳಿದವರಿಗೆ ಗೊತ್ತಾಗುವಷ್ಟು ಜನ: ಗಾದೆಯ ಹತ್ತಕ್ಕೆ ನಾನು ಹೇಳುವ ಅರ್ಥ ಇದು.

ಸ್ವಸಹಾಯ ಸಂಘಗಳ ಹುಟ್ಟಿನಲ್ಲೂ ಇದೇ ಇದೆ. 1980ರ ದಶಕದ ನಡುವೆ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದಾಗ, ಒಬ್ಬರನ್ನೊಬ್ಬರು ನಂಬುವವರು ತಾವಾಗಿಯೇ ಸಣ್ಣ ಸಣ್ಣ ಗುಂಪುಗಳಾಗಿ ಕೂತರು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. 2000-01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. ಅಂಗನವಾಡಿ ಕಾರ್ಯಕರ್ತೆಯರು ಹಳ್ಳಿಹಳ್ಳಿಯಲ್ಲಿ ಹದಿನೈದು, ಇಪ್ಪತ್ತು ಹೆಂಗಸರನ್ನು ಉಳಿತಾಯಕ್ಕೆಂದು ಕೂಡಿಸಿದರು. ಉಳಿತಾಯ ಒಂದು ನೆಪವಾಯಿತು ಎಂದರೆ ಅಧಿಕಾರಿಗಳು ಒಪ್ಪಲಿಕ್ಕಿಲ್ಲ. ಆದರೆ ವಾರಕ್ಕೊಮ್ಮೆ ಮನೆಗೆಲಸ ಬಿಟ್ಟು ಜಗಲಿಯ ಮೇಲೆ ಒಂದು ಗಂಟೆ ಕೂರಲು ಹಳ್ಳಿಯ ಸೊಸೆಗೆ ಬೇರೆ ಯಾವ ನೆಪವಿತ್ತು?

ಗಾದೆಯನ್ನು ತಲೆಕೆಳಗು ಮಾಡಿದವರೂ ಇದ್ದಾರೆ. ಕೆಲವು ಮೈಕ್ರೋಫೈನಾನ್ಸ್ ಗುಂಪುಗಳಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ‘ಹುಷಾರಿಲ್ವಾ’ ಎಂದು ಕೇಳಬೇಕಾದ ನೆರೆಯವಳೇ ‘ದುಡ್ಡು ಎಲ್ಲಿ’ ಎಂದು ಬಾಗಿಲು ತಟ್ಟುತ್ತಾಳೆ. ಹತ್ತು ಜನರ ಕಡ್ಡಿಯನ್ನೆಲ್ಲ ಒಟ್ಟಿ ಒಬ್ಬಳ ತಲೆಗೇ ಹೊರಿಸಿದಂತಾಯಿತು. ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ವಸೂಲಿಗಾರನನ್ನು ತಡೆದೀತು. ಮಾತು ಬಿಟ್ಟ ನೆರೆಯವರನ್ನು ಮತ್ತೆ ಒಂದು ಜಗಲಿಗೆ ತರುವುದು ಅದರ ಕೈಲಾಗದು.

ನಿಮ್ಮ ಬೀದಿಯಲ್ಲೂ ಒಂದು ಸಂಘವಿದ್ದೀತು. ಅದರ ನಡಾವಳಿ ಪುಸ್ತಕ ಸಿಕ್ಕರೆ ತೆರೆದು ನೋಡಿ. ಸಾಲ, ಕಂತು, ಬಡ್ಡಿ ಬಿಟ್ಟು ಬೇರೇನೂ ಬರೆದಿಲ್ಲವಾದರೆ, ಮುಂದಿನ ಸಭೆಯಲ್ಲಿ ಹಣದ ಲೆಕ್ಕಕ್ಕೆ ಮೊದಲು, ಈ ವಾರ ಯಾರು ಬಂದಿಲ್ಲ ಎಂದು ಕೇಳಿ ನೋಡಿ.